ಯುವ ನಾಯಕರಿಗೆ ವಿಶ್ವಾಸದ ಬುನಾದಿ ಕಲಿಸುವುದು ಹೇಗೆ? ಮಳೆಗಾಲದ ಎಂಟು ಭಾನುವಾರಗಳ ಪಾಠ

ಹೊನ್ನಾವರ ತಾಲೂಕಿನ ನಮ್ಮ ಇಗರ್ಜಿಯಲ್ಲಿ ಅವತ್ತು ಒಂದು ಮಣ್ಣಿತ್ತು. ಶವಪೆಟ್ಟಿಗೆಯನ್ನು ಬಾಗಿಲಲ್ಲಿ ಇಳಿಸಿದ ಕೂಡಲೇ ಗುರುಗಳು ಅದರ ಮೇಲೆ ಪವಿತ್ರ ಜಲ ಚಿಮುಕಿಸಿದರು. ಪಕ್ಕದಲ್ಲಿ ನಿಂತಿದ್ದ ಹಿಂದೂ ಗೆಳೆಯನೊಬ್ಬ ನಮ್ಮ ಯುವ ಸಂಘದ ಮುಖಂಡನನ್ನು ಮೆಲ್ಲಗೆ ಕೇಳಿದ, "ಪೆಟ್ಟಿಗೆಗೆ ನೀರು ಹಾಕೋದು ಯಾಕೆ?" ನಮ್ಮ ಹುಡುಗ ಸ್ವಲ್ಪ ತಡೆದು, "ಅದು ಹಂಗೇ, ನಮ್ಮ ಪದ್ಧತಿ" ಅಂದ.

ನಾನು ಅವನ ಹಿಂದೆಯೇ ನಿಂತಿದ್ದೆ. ಅವನಿಗೆ ಹತ್ತು ವರ್ಷ ದೊತೊರ್ನ್ (ಧರ್ಮೋಪದೇಶದ ಪಾಠ) ಕಲಿಸಿದವಳು ನಾನೇ. ಏಳು ಸಂಸ್ಕಾರಗಳ ಹೆಸರು ಕೇಳಿದರೆ ಒಂದೇ ಉಸಿರಿಗೆ ಹೇಳುತ್ತಿದ್ದ. ಫೆಸ್ತಿನ (ಇಗರ್ಜಿ ಹಬ್ಬದ) ದಿನ ಐನೂರು ಜನರಿಗೆ ಊಟ ಬಡಿಸುವ ವ್ಯವಸ್ಥೆಯನ್ನು ಒಬ್ಬನೇ ನಿಂತು ನೋಡಿಕೊಳ್ಳುತ್ತಿದ್ದ. ಆದರೆ ಆ ನೀರು ಸತ್ತವನ ಸ್ನಾನದೀಕ್ಷೆಯ ನೆನಪು, ಯಾವ ನೀರಿನಿಂದ ಅವನು ದೇವರ ಮನೆಗೆ ಸೇರಿದನೋ ಅದೇ ನೀರಿನಿಂದ ಅವನನ್ನು ಕಳಿಸಿಕೊಡುತ್ತೇವೆ ಎಂಬುದನ್ನು ನಾನು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಸ್ನಾನದೀಕ್ಷೆ ಒಂದು ಪಾಠದಲ್ಲಿತ್ತು, ಮಣ್ಣು ಇನ್ನೊಂದು ಪಾಠದಲ್ಲಿತ್ತು. ಎರಡನ್ನೂ ಸೇರಿಸುವ ಕೆಲಸವನ್ನು ಯಾರೂ ಮಾಡಿರಲಿಲ್ಲ.

ಅಂದಿನಿಂದ ಕಲಿಸುವ ದಿಕ್ಕನ್ನೇ ಬದಲಿಸಿದೆ. ಮೊದಲು ಪುಸ್ತಕ, ಆಮೇಲೆ ಇಗರ್ಜಿ ಎನ್ನುವುದನ್ನು ಬಿಟ್ಟು, ಹುಡುಗರ ಕೈ, ಮೊಣಕಾಲು, ಬಾಯಿ ಇಗರ್ಜಿಯಲ್ಲಿ ಈಗಾಗಲೇ ಏನು ಮಾಡುತ್ತಿವೆಯೋ ಅಲ್ಲಿಂದ ಹೊರಟು ವಿಶ್ವಾಸದ ಮಾತಿಗೆ ಬರುವುದು. ಧರ್ಮಸಭೆಯಲ್ಲಿ ಇದು ಹಳೆಯ ದಾರಿ. ನಾವು ಹೇಗೆ ಪ್ರಾರ್ಥಿಸುತ್ತೇವೋ ಹಾಗೆಯೇ ನಂಬುತ್ತೇವೆ ಎಂಬ ಅರ್ಥದ ಲ್ಯಾಟಿನ್ ಮಾತು ಐದನೇ ಶತಮಾನದಷ್ಟು ಹಿಂದಿನದು. ಈ ಮಾರ್ಗದರ್ಶಿ ಚಿಕ್ಕ ಮಕ್ಕಳಿಗಲ್ಲ. ನಾಳೆ ತಾವೇ ಯುವಕರ ಮುಂದೆ ನಿಂತು ಮಾತಾಡಬೇಕಾದ, ಹದಿನೆಂಟರಿಂದ ಇಪ್ಪತ್ತೈದರ ನಡುವಿನ ಯುವ ಆನಿಮೇಟರುಗಳನ್ನು ತಯಾರು ಮಾಡುವವರಿಗಾಗಿ ಬರೆದಿದ್ದು.

ಯಾವಾಗ, ಎಷ್ಟು ಜನ, ಯಾವ ಭಾಷೆ

ನಮ್ಮ ಕರಾವಳಿಯಲ್ಲಿ ಯುವಕರು ಒಟ್ಟಿಗೆ ಸಿಗುವುದೇ ಕಷ್ಟ. ಕಾರವಾರ ಕಡೆಯವರು ಬೆಳಗಾದರೆ ಗೋವಾಕ್ಕೆ ಕೆಲಸಕ್ಕೆ ಹೋಗುತ್ತಾರೆ, ಓದುವವರು ಬೆಂಗಳೂರು, ಮಂಗಳೂರು ಸೇರಿದ್ದಾರೆ, ಬೋಟಿಗೆ ಹೋಗುವವರು ವಾರಗಟ್ಟಲೆ ಕೈಗೆ ಸಿಗುವುದಿಲ್ಲ. ಹಾಗಾಗಿ ನಾನು ಆರಿಸಿಕೊಂಡಿದ್ದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲ. ಯಾಂತ್ರಿಕ ಬೋಟುಗಳು ದಡದಲ್ಲಿರುತ್ತವೆ, ಫೆಸ್ತುಗಳ ಗಲಾಟೆ ಕಡಿಮೆ, ಮದುವೆಗಳು ಮುಗಿದಿರುತ್ತವೆ. ಎಂಟು ಭಾನುವಾರ ಖಂಡಿತ ಸಿಗುತ್ತವೆ. ಘಟ್ಟದ ಮೇಲೆ ಶಿರಸಿ, ಯಲ್ಲಾಪುರ ಕಡೆ ಆ ಮಳೆಯಲ್ಲಿ ದೂರದ ಹಳ್ಳಿಗಳಿಂದ ಸಂಜೆ ಬಂದು ಹೋಗುವುದು ಆಗದ ಮಾತು. ಅಲ್ಲಿಯವರು ಬೆಳಗಿನ ಪೂಜೆ ಮುಗಿದ ಕೂಡಲೇ ಕೂರುವುದು ಒಳ್ಳೆಯದು.

ಎಂಟರಿಂದ ಹನ್ನೆರಡು ಜನ ಸಾಕು. ಹೆಚ್ಚಾದರೆ ಮಾತಾಡದವರು ಮಾತಾಡದೆಯೇ ಉಳಿದುಬಿಡುತ್ತಾರೆ. ಒಂದೂವರೆ ಗಂಟೆ ಮೀರಿಸಬೇಡಿ. ಮೊಬೈಲ್‌ಗಳನ್ನು ಒಂದು ಬುಟ್ಟಿಯಲ್ಲಿ ಇಡಿಸಿ, ನಿಮ್ಮದನ್ನೂ ಸೇರಿಸಿ.

ಭಾಷೆಯ ವಿಚಾರಕ್ಕೆ ಮೊದಲ ದಿನವೇ ಗಮನ ಕೊಡಬೇಕು. ನಮ್ಮ ಹೆಚ್ಚಿನ ಮಕ್ಕಳು ಮನೆಯಲ್ಲಿ ಕೊಂಕಣಿಯಲ್ಲಿ ತೆರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುತ್ತಾರೆ, ಶಾಲೆಯಲ್ಲಿ ಕನ್ನಡದಲ್ಲಿ ಯೋಚಿಸುವುದನ್ನು ಕಲಿತಿದ್ದಾರೆ, ಮೊಬೈಲ್‌ನಲ್ಲಿ ಇಂಗ್ಲಿಷ್ ಪ್ರವಚನ ಕೇಳುತ್ತಾರೆ. ಪ್ರಾರ್ಥನೆ ಬಾಯಿಪಾಠವಾಗಿರುವ ಭಾಷೆಯಲ್ಲಿ ಅವರಿಗೆ ಅರ್ಥ ವಿವರಿಸಲು ಬರುವುದಿಲ್ಲ, ವಿವರಿಸಲು ಬರುವ ಭಾಷೆಯಲ್ಲಿ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ. ಆದ್ದರಿಂದ ಪ್ರತಿ ಭಾನುವಾರ ಐದು ಪದಗಳನ್ನು ಎರಡೂ ಭಾಷೆಗಳಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಕುಮ್ಸಾರ್ ಮತ್ತು ಪಾಪನಿವೇದನೆ ಒಂದೇ ಎಂದು ಗೊತ್ತಿಲ್ಲದ ಹುಡುಗಿಯೊಬ್ಬಳು ನಮ್ಮಲ್ಲಿದ್ದಳು. ತಪ್ಪು ಅವಳದ್ದಲ್ಲ.

ಮೊದಲ ಭಾನುವಾರ: ಖಾಲಿ ಇಗರ್ಜಿ

ಈ ದಿನ ಸಭಾಂಗಣದ ಬೀಗ ತೆಗೆಯಲೇಬೇಡಿ. ಸಂಜೆ ಯಾರೂ ಇಲ್ಲದಾಗ ಎಲ್ಲರನ್ನೂ ಇಗರ್ಜಿಯ ಹೊರಬಾಗಿಲಲ್ಲಿ ನಿಲ್ಲಿಸಿ, ಒಬ್ಬೊಬ್ಬರಾಗಿ ಎಂದಿನಂತೆ ಒಳಗೆ ಹೋಗಿ ಬೆಂಚಿನಲ್ಲಿ ಕೂರಲು ಹೇಳಿ. ಉಳಿದವರು ಮಾತಾಡದೆ ನೋಡಬೇಕು. ಎಲ್ಲರೂ ಕುಳಿತ ಮೇಲೆ ಕೇಳಿ: ಏನೇನು ಕಂಡಿರಿ?

ಮೊದಮೊದಲು "ಏನಿಲ್ಲ, ಬಂದು ಕೂತರು" ಎನ್ನುತ್ತಾರೆ. ಮತ್ತೆ ಕೇಳಿದರೆ ಒಂದೊಂದಾಗಿ ಹೊರಬರುತ್ತದೆ. ಬೆರಳನ್ನು ತೀರ್ಥದ ಬಟ್ಟಲಿಗೆ ಅದ್ದಿದರು. ಶಿಲುಬೆಯ ಗುರುತು ಮಾಡಿಕೊಂಡರು. ಒಬ್ಬ ಬಲ ಮೊಣಕಾಲು ನೆಲಕ್ಕೆ ಮುಟ್ಟಿಸಿದ, ಇನ್ನೊಬ್ಬ ಅರ್ಧ ಬಗ್ಗಿ ಎದ್ದುಬಿಟ್ಟ, ಮತ್ತೊಬ್ಬಳು ತಲೆ ಮಾತ್ರ ಬಾಗಿಸಿದಳು. ಇಲ್ಲಿಂದ ಪಾಠ ತಾನಾಗಿ ಹೊರಡುತ್ತದೆ.

ಬಾಗಿಲ ನೀರು ಯಾಕೆ? ಬಾಗಿಲು ದಾಟುವಾಗ ನೀರು ಮುಟ್ಟುವುದೆಂದರೆ ನಾನು ಸ್ನಾನದೀಕ್ಷೆಯ ಮೂಲಕ ಈ ಮನೆಗೆ ಸೇರಿದವನು ಎಂದು ಪ್ರತಿ ಸಲ ನೆನಪಿಸಿಕೊಳ್ಳುವುದು. ಮಂಡಿಯೂರಿದ್ದು ಯಾರಿಗೆ? ಹೆಚ್ಚಿನವರು "ಬಲಿಪೀಠಕ್ಕೆ", "ಶಿಲುಬೆಗೆ", "ಸಂತರ ಮೂರ್ತಿಗೆ" ಎನ್ನುತ್ತಾರೆ. ಆಗ ಕೆಂಪು ದೀಪದ ಕಡೆ ತೋರಿಸಿ. ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಇಟ್ಟ ಪೆಟ್ಟಿಗೆಯ ಹತ್ತಿರ ಆ ದೀಪ ಸದಾ ಉರಿಯುತ್ತದೆ. ಮಂಡಿಯೂರುವುದು ಅಲ್ಲಿರುವ ಕ್ರಿಸ್ತರಿಗೆ. ಬಲಿಪೀಠಕ್ಕೆ ಬಾಗಿ ನಮಸ್ಕರಿಸುತ್ತೇವೆ, ಏಕೆಂದರೆ ಅದು ಕ್ರಿಸ್ತರ ಗುರುತು. ಶುಭ ಶುಕ್ರವಾರದ ಆರಾಧನೆ ಮುಗಿದ ಮೇಲೆ ಪೆಟ್ಟಿಗೆ ಖಾಲಿ, ದೀಪ ಆರಿರುತ್ತದೆ. ಆಗಿನಿಂದ ಪಾಸ್ಖ ಜಾಗರಣೆಯವರೆಗೆ (ಈಸ್ಟರ್ ಹಿಂದಿನ ರಾತ್ರಿಯ ಆರಾಧನೆ) ಶಿಲುಬೆಗೇ ಮಂಡಿಯೂರುತ್ತೇವೆ. ಇಷ್ಟನ್ನು ಹೇಳಿದಾಗ ನಮ್ಮ ಹುಡುಗನೊಬ್ಬ, "ಹಂಗಾದ್ರೆ ಆ ದೀಪ ಆರಿದ್ದು ನೋಡಿದ್ರೆ ನಮಗೆ ಭಯ ಆಗಬೇಕಲ್ಲ ಟೀಚರ್" ಅಂದ. ಆ ಸಂಜೆ ನಾನು ಬೇರೇನೂ ಕಲಿಸಲು ಹೋಗಲಿಲ್ಲ. ಹತ್ತು ನಿಮಿಷ ಎಲ್ಲರೂ ಆ ದೀಪದ ಮುಂದೆ ಸುಮ್ಮನೆ ಕುಳಿತೆವು.

ನೀವೂ ಹಾಗೆಯೇ ಮಾಡಿ. ಆನಿಮೇಟರ್ ಆಗುವವನಿಗೆ ಸುಮ್ಮನೆ ಕೂರಲು ಬರಬೇಕು. ಮೊದಲ ವಾರ ಹತ್ತು ನಿಮಿಷ ಉದ್ದವೆನಿಸುತ್ತದೆ, ಎಂಟನೇ ವಾರ ಸಾಲುವುದಿಲ್ಲ.

ಎರಡನೇ ಭಾನುವಾರ: ಶಿಲುಬೆಯ ಗುರುತು

ನಿಧಾನವಾಗಿ, ಅಗಲವಾಗಿ ಶಿಲುಬೆಯ ಗುರುತು ಮಾಡಿಸಿ. ಹಣೆ, ಎದೆಯ ಕೆಳಗೆ, ಎಡ ಭುಜ, ಬಲ ಭುಜ. ಕ್ರಿಕೆಟ್ ಬ್ಯಾಟ್ ಹಿಡಿದು ಹೋಗುವಾಗ ಮಾಡುವ ಹಾಗೆ ಅವಸರದಲ್ಲಿ ಮಾಡಿದರೆ ಮತ್ತೆ ಮಾಡಿಸಿ. ಆಮೇಲೆ ಒಂದೇ ಪ್ರಶ್ನೆ: "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ" ಎನ್ನುತ್ತೇವೆ. "ನಾಮಗಳಲ್ಲಿ" ಎಂದು ಏಕೆ ಹೇಳುವುದಿಲ್ಲ?

ಇಡೀ ತ್ರಿತ್ವದ ಬೋಧನೆ ಆ ಒಂದು ಏಕವಚನದಲ್ಲಿದೆ. ಮೂವರು ವ್ಯಕ್ತಿಗಳು, ದೇವರು ಒಬ್ಬರೇ. ಪಿತನು ಸುತನಲ್ಲ, ಸುತನು ಪವಿತ್ರಾತ್ಮರಲ್ಲ, ಆದರೆ ಮೂವರೂ ಒಂದೇ ದೈವಸ್ವರೂಪ. ಮತ್ತಾಯನ ಶುಭಸಂದೇಶದ ಕೊನೆಯಲ್ಲಿ ಯೇಸುಸ್ವಾಮಿ ಶಿಷ್ಯರಿಗೆ ಸ್ನಾನದೀಕ್ಷೆ ಕೊಡಲು ಹೇಳುವಾಗಲೂ "ನಾಮದಲ್ಲಿ" ಎಂದೇ ಇದೆ.

ಇಲ್ಲಿ ಒಂದು ಎಚ್ಚರ. ನೀರು, ಮಂಜುಗಡ್ಡೆ, ಹಬೆ ಎಂಬ ಉದಾಹರಣೆಯನ್ನು ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಒಂದೇ ನೀರು ಮೂರು ವೇಷ ಹಾಕುತ್ತದೆ ಎಂದರೆ ಒಬ್ಬನೇ ದೇವರು ಮೂರು ಪಾತ್ರ ಮಾಡುತ್ತಾನೆ ಎಂದಾಗುತ್ತದೆ. ಮೂರನೇ ಶತಮಾನದಲ್ಲೇ ಧರ್ಮಸಭೆ ತಿರಸ್ಕರಿಸಿದ ತಪ್ಪು ಬೋಧನೆ ಅದು. ಯೇಸುಸ್ವಾಮಿ ಜೋರ್ದಾನ್ ನದಿಯಲ್ಲಿ ಸ್ನಾನದೀಕ್ಷೆ ಪಡೆದಾಗ ಸುತನು ನೀರಿನಲ್ಲಿದ್ದರು, ಪವಿತ್ರಾತ್ಮರು ಪಾರಿವಾಳದಂತೆ ಇಳಿದರು, ಪಿತನ ದನಿ ಆಕಾಶದಿಂದ ಕೇಳಿತು. ಮೂವರೂ ಒಟ್ಟಿಗೆ. ಉದಾಹರಣೆಯ ಬದಲು ಈ ದೃಶ್ಯವನ್ನು ಓದಿಸಿ. ಅರ್ಥವಾಗದ ಭಾಗ ಅರ್ಥವಾಗದೆಯೇ ಉಳಿಯಲಿ. ತಪ್ಪು ಅರ್ಥ ತಲೆಯಲ್ಲಿ ಕೂತರೆ ತೆಗೆಯುವುದು ಕಷ್ಟ.

ಮೂರು ಮತ್ತು ನಾಲ್ಕನೇ ಭಾನುವಾರ: ಬಲಿಪೂಜೆ

ಇದಕ್ಕೆ ಎರಡು ವಾರ ಕೊಡಿ. ಬೇರೆ ಯಾವುದನ್ನಾದರೂ ಕಡಿಮೆ ಮಾಡಬಹುದು, ಇದನ್ನು ಮಾತ್ರ ಬೇಡ. ಲೋಕದ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಮೊದಲ ದಾಖಲೆಯೇ ಆರಾಧನಾ ವಿಧಿಯ ಕುರಿತಾದದ್ದು. ಧರ್ಮಸಭೆಯ ಎಲ್ಲ ಕೆಲಸ ಏರುವ ಶಿಖರವೂ, ಅದರ ಶಕ್ತಿ ಹರಿಯುವ ಬುಗ್ಗೆಯೂ ಆರಾಧನೆಯೇ ಎಂದು ಅಲ್ಲಿದೆ.

ಮೂರನೇ ಭಾನುವಾರ ನಾನು ಹೀಗೆ ಶುರುಮಾಡುತ್ತೇನೆ. ಎಲ್ಲರಿಗೂ ಒಂದು ಹಾಳೆ ಕೊಟ್ಟು, ಇವತ್ತು ಬೆಳಿಗ್ಗೆ ಪೂಜೆಯಲ್ಲಿ ಏನೇನಾಯಿತು ಎಂದು ಕ್ರಮವಾಗಿ ಬರೆಯಲು ಹೇಳುತ್ತೇನೆ. ಬರೆದಾದ ಮೇಲೆ, ಯಾವ ಊರು, ಯಾವ ಕಾಲ ಎಂದು ಹೇಳದೆ ಒಂದು ವಿವರಣೆ ಓದುತ್ತೇನೆ. ಭಾನುವಾರ ಊರಿನವರು, ಹಳ್ಳಿಯವರು ಎಲ್ಲ ಒಂದೆಡೆ ಸೇರುತ್ತಾರೆ. ಪ್ರೇಷಿತರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಓದುತ್ತಾರೆ. ಓದಿದ ಮೇಲೆ ಮುಖ್ಯಸ್ಥರು ಉಪದೇಶ ಮಾಡುತ್ತಾರೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ ಮತ್ತು ನೀರನ್ನು ತರುತ್ತಾರೆ. ಮುಖ್ಯಸ್ಥರು ಕೃತಜ್ಞತೆಯ ಪ್ರಾರ್ಥನೆ ಹೇಳಿದಾಗ ಜನರೆಲ್ಲ "ಆಮೆನ್" ಎನ್ನುತ್ತಾರೆ. ಎಲ್ಲರಿಗೂ ಹಂಚಿ, ಬಾರದವರಿಗೆ ಸಹಾಯಕರ ಕೈಯಲ್ಲಿ ಕಳಿಸುತ್ತಾರೆ. ಅನುಕೂಲವಿದ್ದವರು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ ಹೋಗುತ್ತದೆ.

"ನಿಮ್ಮ ಪಟ್ಟಿಗೆ ಹೋಲಿಸಿ ಗುರುತು ಹಾಕಿ" ಎನ್ನುತ್ತೇನೆ. ಹೆಚ್ಚುಕಡಿಮೆ ಎಲ್ಲವೂ ಕೂಡಿಬರುತ್ತವೆ. "ಇದು ಯಾವ ಇಗರ್ಜಿ?" ಎಂದರೆ ಕುಮಟಾ, ಅಂಕೋಲಾ ಎಂದು ಊಹಿಸುತ್ತಾರೆ. ಆಗ ಹೇಳುತ್ತೇನೆ: ಇದು ರೋಮ್ ನಗರ, ಸುಮಾರು ಕ್ರಿ.ಶ. 155. ಕ್ರೈಸ್ತರು ಸೇರಿ ಏನು ಮಾಡುತ್ತಾರೆ ಎಂದು ಚಕ್ರವರ್ತಿ ಅಂತೋನಿನಸ್ ಪಿಯಸ್‌ಗೆ ತಿಳಿಸಲು ಸಂತ ಜಸ್ಟಿನ್ ಬರೆದದ್ದು. ಮುಂದೆ ಅವರು ವಿಶ್ವಾಸಕ್ಕಾಗಿ ಪ್ರಾಣವನ್ನೇ ಕೊಟ್ಟರು. ಹಾಳೆಯ ಮೇಲಿನ ತಮ್ಮದೇ ಗುರುತುಗಳನ್ನು ನೋಡುತ್ತಾ ಹುಡುಗರು ಮೌನವಾಗುವ ಆ ಕ್ಷಣಕ್ಕಾಗಿ ನಾನು ಪ್ರತಿ ವರ್ಷ ಕಾಯುತ್ತೇನೆ.

ನಾಲ್ಕನೇ ಭಾನುವಾರ ಒಳಗಿನ ಅರ್ಥ. ಲೂಕನ ಶುಭಸಂದೇಶದ 24ನೇ ಅಧ್ಯಾಯದಲ್ಲಿ ಎಮ್ಮಾವುಸ್ ದಾರಿಯ ಕಥೆಯನ್ನು ಓದಿಸಿ. ಇಬ್ಬರು ಶಿಷ್ಯರು ಸೋತ ಮುಖದಿಂದ ನಡೆಯುತ್ತಿದ್ದಾರೆ. ಪುನರುತ್ಥಾನರಾದ ಯೇಸು ಜೊತೆಗೆ ಹೆಜ್ಜೆ ಹಾಕಿ ಮೊದಲು "ಏನು ಮಾತಾಡುತ್ತಿದ್ದೀರಿ?" ಎಂದು ಕೇಳುತ್ತಾರೆ, ಆಮೇಲೆ ಧರ್ಮಗ್ರಂಥ ವಿವರಿಸುತ್ತಾರೆ, ರೊಟ್ಟಿ ಮುರಿಯುತ್ತಾರೆ. ಶಿಷ್ಯರು ಅದೇ ರಾತ್ರಿ ಜೆರುಸಲೇಮಿಗೆ ಮರಳಿ ಓಡುತ್ತಾರೆ. ಒಟ್ಟು ಸೇರುವುದು, ವಾಕ್ಯ, ಪರಮಪ್ರಸಾದ, ಕಳಿಸಿಕೊಡುವುದು: ಪೂಜೆಯ ನಾಲ್ಕು ಭಾಗಗಳೂ ಇಲ್ಲಿವೆ. ಆನಿಮೇಟರ್ ಹೇಗಿರಬೇಕೆಂಬುದೂ ಇಲ್ಲೇ ಇದೆ. ಯೇಸು ಮೊದಲು ಕೇಳಿದರು, ಆಮೇಲೆ ಕಲಿಸಿದರು.

ನಂತರ ಗುರುಗಳ ಅನುಮತಿ ಪಡೆದು, ಕಾಣಿಕೆಯ ಮೇಜನ್ನು ಹತ್ತಿರದಿಂದ ತೋರಿಸಿ. ಗೋಧಿಯ ಹುಳಿಯಿಲ್ಲದ ರೊಟ್ಟಿ. ದ್ರಾಕ್ಷಾರಸ. ಪುಟ್ಟ ಸೀಸೆಯಲ್ಲಿ ನೀರು. ಪಾತ್ರೆಗೆ ದ್ರಾಕ್ಷಾರಸ ಸುರಿದು ಅದಕ್ಕೆ ಒಂದೆರಡು ಹನಿ ನೀರು ಹಾಕುತ್ತಾರೆ. ಹಾಕಿದ ನೀರು ಎಲ್ಲಿ ಹೋಯಿತು ಎಂದು ಕೇಳಿ. ಬೇರ್ಪಡಿಸಲು ಆಗುವುದಿಲ್ಲ. ಆ ಹೊತ್ತಿಗೆ ಗುರುಗಳು ಮೆಲುದನಿಯಲ್ಲಿ ಹೇಳುವ ಪ್ರಾರ್ಥನೆಯ ಅರ್ಥ ಇದು: ನಮ್ಮ ಮನುಷ್ಯತ್ವದಲ್ಲಿ ಪಾಲುಗೊಳ್ಳಲು ತಮ್ಮನ್ನು ತಗ್ಗಿಸಿಕೊಂಡ ಕ್ರಿಸ್ತರ ದೈವತ್ವದಲ್ಲಿ ನಾವೂ ಪಾಲುಗೊಳ್ಳುವಂತಾಗಲಿ. ಹಿಂದಿನ ಬೆಂಚಿನಿಂದ ಕಾಣದ, ಕೇಳದ ಈ ಒಂದು ಹನಿ ನೀರಿನಲ್ಲಿ ನಮ್ಮ ವಿಶ್ವಾಸವೆಲ್ಲ ಇದೆ.

ಪರಮಪ್ರಸಾದದ ಬಗ್ಗೆ ಸ್ಪಷ್ಟವಾಗಿ, ಮುಚ್ಚುಮರೆ ಇಲ್ಲದೆ ಹೇಳಿ. ಆಕಾರ, ರುಚಿ, ಬಣ್ಣ ರೊಟ್ಟಿಯದ್ದೇ, ಆದರೆ ಅದರ ಸತ್ವ ಬದಲಾಗಿ ಅದು ಕ್ರಿಸ್ತರ ದೇಹವಾಗುತ್ತದೆ. ಅದು ಬರೀ ಗುರುತಲ್ಲ, ಬರೀ ನೆನಪೂ ಅಲ್ಲ. ಶಿಲುಬೆಯ ಮೇಲಿನ ಒಂದೇ ಬಲಿ ಇಲ್ಲಿ ನಮ್ಮೆದುರು ಇರುತ್ತದೆ. ಪ್ರತಿ ಪೂಜೆಯಲ್ಲಿ ಕ್ರಿಸ್ತರು ಮತ್ತೆ ಸಾಯುವುದಿಲ್ಲ.

"ಪ್ರಸಾದ" ಎಂಬ ಪದದಿಂದ ನಮ್ಮೂರಲ್ಲಿ ಒಂದು ತೊಡಕೂ ಇದೆ. ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಡಿಸೆಂಬರ್ 3ರಂದು ಎಲ್ಲ ಧರ್ಮದವರೂ ಬರುತ್ತಾರೆ. ಭಕ್ತಿಯಿಂದ ಸಾಲಿನಲ್ಲಿ ನಿಂತು "ನಮಗೂ ಪ್ರಸಾದ ಕೊಡಿ" ಎನ್ನುವ ಅಮ್ಮಂದಿರನ್ನು ಒರಟಾಗಿ ತಡೆಯುವ ಸ್ವಯಂಸೇವಕರನ್ನು ಕಂಡು ನನಗೆ ನಾಚಿಕೆಯಾಗಿದೆ. ಹುಡುಗರಿಗೆ ಮಾತನ್ನು ಮೊದಲೇ ಕಲಿಸಿಡಿ: "ಅಮ್ಮಾ, ಇದು ದೀಕ್ಷೆ ಪಡೆದು ತಯಾರಾದವರು ಮಾತ್ರ ತಗೊಳ್ಳೋದು. ನೀವು ಕೈ ಮುಗಿದು ಇಲ್ಲೇ ಕೂತಿರಿ, ಪೂಜೆ ಮುಗಿದ ಮೇಲೆ ಫಾದರ್ ಹತ್ರ ಆಶೀರ್ವಾದ ತಗೊಳ್ಳೋಣ, ನಾನೇ ಕರ್ಕೊಂಡು ಹೋಗ್ತೇನೆ." ಹೇಳಿದ ಮೇಲೆ ನಿಜಕ್ಕೂ ಕರೆದುಕೊಂಡು ಹೋಗಬೇಕು.

ಐದನೇ ಭಾನುವಾರ: ವಿಶ್ವಾಸ ಸಂಗ್ರಹ

ನಾವು ಏನನ್ನು ನಂಬುತ್ತೇವೆ ಎಂದು ಪೂಜೆಯಲ್ಲಿ ನಿಂತು ಹೇಳುವ ವಿಶ್ವಾಸ ಸಂಗ್ರಹವನ್ನು ಸಾಲುಸಾಲಾಗಿ ಓದಿ. ದೀರ್ಘವಾಗಿ ಹೇಳುವ ಪಾಠ ಕ್ರಿ.ಶ. 325ರ ನೈಸಿಯಾ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳಿಂದ ಬಂದದ್ದು. ಎಲ್ಲ ಸಾಲಿಗೂ ಸಮಾನ ಸಮಯ ಕೊಡಲು ಹೋಗಬೇಡಿ. ನಮ್ಮ ಯುವಕರಿಗೆ ತೊಡಕಾಗುವುದು ಎರಡೇ ಕಡೆ.

ಒಂದು, ಅವತಾರ. "ಯೇಸು ಕೂಡ ಒಂದು ಅವತಾರ ಅಲ್ವಾ?" ಎಂದು ಕಾಲೇಜಿನ ಗೆಳೆಯರು ಪ್ರೀತಿಯಿಂದಲೇ ಕೇಳುತ್ತಾರೆ. ನಮ್ಮ ಕನ್ನಡ ಪ್ರಾರ್ಥನೆಗಳಲ್ಲೂ ಮನುಷ್ಯಾವತಾರ ಎಂಬ ಪದ ಬಳಕೆಯಲ್ಲಿದೆ. ಪದ ಒಂದೇ ಆದರೂ ನಾವು ಹೇಳುವುದು ಬೇರೆ. ದೇವರ ಸುತ ಒಂದೇ ಸಲ, ಮರಿಯಮ್ಮನವರ ಗರ್ಭದಲ್ಲಿ ಮನುಷ್ಯರಾದರು. ನಮ್ಮಂತೆಯೇ ಹಸಿದರು, ಅತ್ತರು, ಸತ್ತರು. ಕೆಲಸ ಮುಗಿದ ಮೇಲೆ ಆ ದೇಹವನ್ನು ಕಳಚಿ ಹೋಗಲಿಲ್ಲ. ಇಂದಿಗೂ, ಎಂದೆಂದಿಗೂ ಅವರು ಪೂರ್ಣ ದೇವರು, ಪೂರ್ಣ ಮನುಷ್ಯ. 451ರ ಕಾಲ್ಸೆಡಾನ್ ಮಹಾಸಭೆ ಹೇಳಿದ್ದು ಇದನ್ನೇ. ಇದನ್ನು ಹೇಳುವಾಗ ಗೆಳೆಯನ ನಂಬಿಕೆಯನ್ನು ಹಗುರ ಮಾಡುವ ಒಂದು ಮಾತೂ ಬರಬಾರದು.

ಎರಡು, ಪುನರುತ್ಥಾನ. "ಮುಂದಿನ ಜನ್ಮದಲ್ಲಿ ನೋಡೋಣ" ಎಂದು ನಮ್ಮ ಮಕ್ಕಳೂ ಲೋಕಾರೂಢಿಯಲ್ಲಿ ಹೇಳುತ್ತಾರೆ. ಪುನರ್ಜನ್ಮ ಬೇರೆ, ದೇಹದ ಪುನರುತ್ಥಾನ ಬೇರೆ. ಮನುಷ್ಯ ಸಾಯುವುದು ಒಂದೇ ಸಲ ಎಂದು ಹಿಬ್ರಿಯರಿಗೆ ಬರೆದ ಪತ್ರದಲ್ಲಿದೆ. ಕ್ರಿಸ್ತರು ಎದ್ದುಬರದಿದ್ದರೆ ನಮ್ಮ ವಿಶ್ವಾಸವೇ ವ್ಯರ್ಥ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಸ್ಮಶಾನದ ಶಿಲುಬೆಗಳ ನಡುವೆ ಹತ್ತು ನಿಮಿಷ ನಡೆದಾಡಿಸಿ ಈ ಪಾಠ ಮಾಡಿ. ಮಳೆ ಬಿಟ್ಟಿದ್ದರೆ ಮಾತ್ರ.

ಆರನೇ ಭಾನುವಾರ: ದಫ್ತರದ ಪುಸ್ತಕ

ಏಳು ಸಂಸ್ಕಾರಗಳನ್ನು ಬೋರ್ಡಿನ ಮೇಲೆ ಮೂರು ಗುಂಪಾಗಿ ಬರೆಯಿರಿ. ಸ್ನಾನದೀಕ್ಷೆ, ದೃಢೀಕರಣ, ಪರಮಪ್ರಸಾದ ವಿಶ್ವಾಸದ ಬಾಳಿಗೆ ಬುನಾದಿ. ಪಾಪನಿವೇದನೆ ಮತ್ತು ರೋಗಿಗಳ ಅಭ್ಯಂಗ ಗುಣಪಡಿಸುವಂಥವು. ಯಾಜಕ ದೀಕ್ಷೆ ಮತ್ತು ವಿವಾಹ ಇತರರ ಸೇವೆಗಾಗಿ. ಇದಕ್ಕೆ ಇಪ್ಪತ್ತು ನಿಮಿಷ ಸಾಕು, ಚಿಕ್ಕಂದಿನಿಂದ ಕೇಳಿದ್ದೇ.

ನಿಜವಾದ ಪಾಠ ಇಗರ್ಜಿಯ ಕಚೇರಿಯಲ್ಲಿದೆ. ಗುರುಗಳನ್ನು ಕೇಳಿ, ಅವರ ಎದುರಿಗೇ ಸ್ನಾನದೀಕ್ಷೆಯ ದಾಖಲೆ ಪುಸ್ತಕ ತೆರೆಸಿ. ಪ್ರತಿಯೊಬ್ಬರೂ ತಮ್ಮ ಸಾಲನ್ನು ಮಾತ್ರ ನೋಡಲಿ. ತಾರೀಖು, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ದೀಕ್ಷೆ ಕೊಟ್ಟ ಗುರುಗಳ ಸಹಿ. ದೃಢೀಕರಣವಾದರೆ ಅದೂ ಆ ಸಾಲಿನ ಪಕ್ಕದಲ್ಲೇ ಬರುತ್ತದೆ, ಮುಂದೆ ಮದುವೆಯೋ ಗುರುದೀಕ್ಷೆಯೋ ಆದರೆ ಅದೂ. ತೀರಿಹೋದ ಅಜ್ಜಿಯೇ ತನ್ನ ಜ್ಞಾನತಾಯಿ ಎಂದು ಗೊತ್ತೇ ಇರದ ಹುಡುಗಿಯೊಬ್ಬಳು ಆ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಜನ್ಮದಿನಕ್ಕೆ ಕೇಕ್ ಕತ್ತರಿಸುವವರು ದೀಕ್ಷೆಯ ದಿನವನ್ನೂ ನೆನಪಿಡಲಿ. ಬೇರೆ ಊರಲ್ಲಿ ದೀಕ್ಷೆ ಪಡೆದವರು ಮೊದಲೇ ಅಲ್ಲಿಂದ ಸರ್ಟಿಫಿಕೇಟ್ ತರಿಸಿಟ್ಟುಕೊಳ್ಳಲಿ.

ದೃಢೀಕರಣದಲ್ಲಿ ಹಣೆಗೆ ಹಚ್ಚುವ ಪರಿಮಳದ ಎಣ್ಣೆಯನ್ನು ಬಿಷಪರು ಪವಿತ್ರ ವಾರದ ಹೊತ್ತಿಗೆ ಪವಿತ್ರೀಕರಿಸಿ ಎಲ್ಲ ಧರ್ಮಕೇಂದ್ರಗಳಿಗೂ ಕಳಿಸುತ್ತಾರೆ. ಮುಂದಿನ ವರ್ಷ ನಿಮ್ಮ ಗುಂಪನ್ನು ಆ ಪೂಜೆಗೆ ಕರೆದುಕೊಂಡು ಹೋಗಿ. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ನಮ್ಮ ಕಾರವಾರ ಧರ್ಮಪ್ರಾಂತ್ಯದ ಗುರುಗಳು ಬಿಷಪರ ಸುತ್ತ ಸೇರಿ ನಿಂತಿದ್ದನ್ನು ನೋಡಿದರೆ, ಧರ್ಮಸಭೆ ಎಂದರೆ ತಮ್ಮೂರ ಇಗರ್ಜಿ ಮಾತ್ರವಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಪಾಪನಿವೇದನೆಯ ಬಗ್ಗೆ ಹುಡುಗರಿಗಿರುವುದು ಭಯ, ಅದರಲ್ಲೂ ಪರಿಚಯದ ಗುರುಗಳ ಮುಂದೆ. ಕೇಳಿದ್ದನ್ನು ಯಾವ ಕಾರಣಕ್ಕೂ, ಪ್ರಾಣ ಹೋದರೂ ಗುರುಗಳು ಹೊರಗೆ ಹೇಳುವಂತಿಲ್ಲ ಎಂದು ಗಟ್ಟಿಯಾಗಿ ಹೇಳಿ. ಹೇಗೆ ಮಾಡಬೇಕೆಂದು ಮರೆತವರಿಗೆ ಹಂತಗಳನ್ನು ಮತ್ತೆ ಕಲಿಸಿ: ಆತ್ಮಪರಿಶೀಲನೆ, ಪಶ್ಚಾತ್ತಾಪ, ನಿವೇದನೆ, ಗುರುಗಳು ಕೊಡುವ ಕ್ಷಮಾಪಣೆ, ಹೇಳಿದ ಪ್ರಾಯಶ್ಚಿತ್ತ ಪೂರೈಸುವುದು. ಅದೇ ಸಂಜೆ ಗುರುಗಳು ಒಂದು ಗಂಟೆ ಪಾಪನಿವೇದನೆಗೆ ಕೂರುವಂತೆ ಮೊದಲೇ ಕೇಳಿಕೊಳ್ಳಿ. ಯಾರನ್ನೂ ಹೆಸರು ಹಿಡಿದು ಕಳಿಸಬೇಡಿ. ನೀವು ಮೊದಲು ಎದ್ದು ಹೋಗಿ.

ಏಳನೇ ಭಾನುವಾರ: ಸಾಯ್ಬಿಣ್ (ಮರಿಯಮ್ಮ), ಸಂತರು, ಬೈಬಲ್

ಪ್ರೊಟೆಸ್ಟಂಟ್ ಮುಂತಾದ ಬೇರೆ ಕ್ರೈಸ್ತ ಸಭೆಗಳ ಗೆಳೆಯರು ಕೇಳುವ ಪ್ರಶ್ನೆಗಳಿಗೆ ಈ ದಿನ. "ಮರಿಯಮ್ಮನನ್ನು ಯಾಕೆ ಪೂಜಿಸ್ತೀರಿ?" ಕನ್ನಡದಲ್ಲಿ ಪೂಜೆ ಎಂಬ ಒಂದೇ ಮಾತು ಎಲ್ಲಕ್ಕೂ ಸಲ್ಲುವುದರಿಂದ ಗೊಂದಲ ಹೆಚ್ಚು. ಆರಾಧನೆ ದೇವರಿಗೆ ಮಾತ್ರ. ಸಂತರಿಗೆ ಗೌರವ, ದೇವಮಾತೆಗೆ ವಿಶೇಷ ಗೌರವ. ಮೂರ್ತಿಗೆ ಕೊಡುವ ಗೌರವ ಮೂರ್ತಿಯಾಚೆ ಇರುವವರಿಗೆ ಸಲ್ಲುತ್ತದೆ ಎಂದು 787ರ ಎರಡನೇ ನೈಸಿಯಾ ಮಹಾಸಭೆ ತೀರ್ಮಾನಿಸಿತು. "ನಮೋ ಮರಿಯಾ"ದ ಕೊನೆಯ ಭಾಗವನ್ನು ನಿಧಾನ ಓದಿಸಿದರೆ ಸಾಕು, ನಾವು ಕೇಳುವುದು "ನಮಗಾಗಿ ಪ್ರಾರ್ಥಿಸಿ" ಎಂದಷ್ಟೇ.

ನಮ್ಮ ಬೈಬಲ್‌ನಲ್ಲಿ 73 ಪುಸ್ತಕ, ಅವರದ್ದರಲ್ಲಿ 66. ವ್ಯತ್ಯಾಸ ಹಳೆಯ ಒಡಂಬಡಿಕೆಯ ಏಳು ಪುಸ್ತಕಗಳದ್ದು. ತೋಬಿತ, ಸಿರಾಖ, ಮಕ್ಕಬಿಯರು ಎಲ್ಲಿವೆ ಎಂದು ತೆಗೆದು ತೋರಿಸಿ. ವಾದ ಗೆಲ್ಲುವುದನ್ನು ಕಲಿಸಬೇಡಿ.

ಸಂತರ ಪಾಠಕ್ಕೆ ದೂರ ಹೋಗಬೇಕಿಲ್ಲ. ಗೋವಾದ ಬೆಣಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾದಲ್ಲಿ, ಅಂದರೆ ನಮ್ಮ ಇದೇ ಕರಾವಳಿಯಲ್ಲಿ, ಸೇವೆ ಮಾಡಿದರು. ಆಮೇಲೆ ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕ ಗುರುಗಳಿಗೆ ಜಾಗವಿಲ್ಲದ ಶ್ರೀಲಂಕಾಕ್ಕೆ 1687ರಲ್ಲಿ ಕೂಲಿಯವನ ವೇಷದಲ್ಲಿ ಹೋದರು. ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆ ಕೇಳುತ್ತಾ, ಅದನ್ನು ಕಂಡು ಯಾರ ಮುಖ ಅರಳುತ್ತದೋ ಅವರನ್ನು ಗುರುತು ಹಿಡಿಯುತ್ತಿದ್ದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಈ ಕಥೆ ಹೇಳಿ, ತೆರ್ಸಿನ ಹತ್ತು ಮಣಿಗಳ ಒಂದು ಭಾಗವನ್ನು ಒಟ್ಟಿಗೆ ಹೇಳಿ ಮುಗಿಸಿ. ಬೈಕಿನ ಕನ್ನಡಿಗೆ ನೇತುಹಾಕಿದ ಜಪಮಾಲೆಯನ್ನು ಅವರು ಬೇರೆ ಕಣ್ಣಿನಿಂದ ನೋಡುತ್ತಾರೆ.

ಎಂಟನೇ ಭಾನುವಾರ: ಈಗ ಅವರ ಸರದಿ

ಪ್ರತಿಯೊಬ್ಬರಿಗೂ ಹಿಂದಿನ ವಾರವೇ ಒಂದು ವಿಷಯ ಕೊಡಿ. ಶುಭಸಂದೇಶ ಓದುವಾಗ ಏಕೆ ನಿಲ್ಲುತ್ತೇವೆ? ಹಣೆ, ತುಟಿ, ಎದೆಗೆ ಪುಟ್ಟ ಶಿಲುಬೆ ಏಕೆ? ತಪಸ್ಸು ಕಾಲದಲ್ಲಿ ನೇರಳೆ ಬಣ್ಣ ಏಕೆ? ಎಂಟು ನಿಮಿಷ ಮಾತ್ರ, ಕಾಗದ ನೋಡದೆ. ಕೇಳುವವರಾಗಿ ಹತ್ತನೇ ತರಗತಿಯ ನಾಲ್ಕೈದು ಮಕ್ಕಳನ್ನು ಕೂರಿಸಿ, ಅವರು ಕೇಳುವ ಪ್ರಶ್ನೆಗಿಂತ ದೊಡ್ಡ ಪರೀಕ್ಷೆ ಇಲ್ಲ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಫಾದರ್ ಹತ್ರ ಕೇಳಿ ಮುಂದಿನ ವಾರ ಹೇಳ್ತೇನೆ" ಎನ್ನುವುದನ್ನು ರೂಢಿ ಮಾಡಿಸಿ. ಮುಂದಿನ ವಾರ ಹೇಳಿದರೇ ಎಂದೂ ವಿಚಾರಿಸಿ.

ಕೊನೆಯ ಅರ್ಧ ಗಂಟೆ ನಿಯಮಗಳಿಗೆ. ಇದನ್ನು ಕೈಬಿಟ್ಟರೆ ಉಳಿದ ಏಳು ವಾರದ ಪಾಠವೂ ಬಿದ್ದುಹೋಗುತ್ತದೆ. ಹದಿನೆಂಟು ತುಂಬದವರ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ರಾತ್ರಿ ಖಾಸಗಿ ಮೆಸೇಜ್ ಬೇಡ, ಹೇಳುವುದನ್ನು ಗುಂಪಿನಲ್ಲೇ ಹೇಳಬೇಕು. ಹೊರಗೆ ಕರೆದುಕೊಂಡು ಹೋಗುವಾಗ ತಂದೆತಾಯಿಯ ಬರಹದ ಒಪ್ಪಿಗೆ ಇರಬೇಕು, ಜೊತೆಗೆ ಹೆಂಗಸರೂ ಗಂಡಸರೂ ಇರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಒಳಗೇ ಮಾತಾಡಿ ಮುಗಿಸುವ ಹಾಗಿಲ್ಲ, ಆರೋಪ ಯಾರ ಮೇಲಿದ್ದರೂ ಸರಿ. ಮಕ್ಕಳ ಸಹಾಯವಾಣಿ 1098 ಎಂದು ಬೋರ್ಡಿನ ಮೂಲೆಯಲ್ಲಿ ಅಳಿಸದೆ ಬಿಡಿ.

ಬೇರೆ ಧರ್ಮದ ಗೆಳೆಯರು ಯುವ ಸಂಘದ ಆಟಕ್ಕೆ, ಹಾಡಿಗೆ ಬರುತ್ತಾರೆ. ಬರಲಿ, ಗೌರವದಿಂದ ಇರಲಿ. ಧರ್ಮದ ವಿಷಯದಲ್ಲಿ ಯಾರ ಮೇಲೂ ಒತ್ತಾಯ ಸಲ್ಲದು ಎಂದು ಅದೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿದೆ. ನಮ್ಮ ಹುಡುಗರಿಗೆ ಇದನ್ನು ಸ್ಪಷ್ಟವಾಗಿ ತಿಳಿಸಿ. ಕೇಳಿದವರಿಗೆ ಉತ್ತರ ಗೊತ್ತಿರಬೇಕು, ಅಷ್ಟೇ.

ಆಗಸ್ಟ್ ಮೊದಲ ಭಾನುವಾರ ಪೂಜೆಯ ಕೊನೆಯಲ್ಲಿ ಗುರುಗಳು ಅವರನ್ನು ಆಶೀರ್ವದಿಸಿ ಕಳಿಸುವಂತೆ ಕೇಳಿಕೊಳ್ಳಿ. ಬೋಟಿಗೆ ಹೋಗುವವರು ಅಷ್ಟರಲ್ಲಿ ಸಮುದ್ರದಲ್ಲಿದ್ದರೆ ಅವರ ಹೆಸರನ್ನು ಓದಿಸಿ. ಗುಂಪಿನಲ್ಲಿ ಇಬ್ಬರನ್ನು ಆರಿಸಿ ಮುಂದಿನ ಜೂನ್‌ನ ಮೊದಲ ಪಾಠವನ್ನು, ಆ ಖಾಲಿ ಇಗರ್ಜಿಯ ಸಂಜೆಯನ್ನು, ಅವರ ಕೈಗೆ ಈಗಲೇ ಒಪ್ಪಿಸಿ. ಹೋದ ವರ್ಷ ಆ ಸಂಜೆ ನಡೆಸಿಕೊಟ್ಟವನು ಮಣ್ಣಿನ ದಿನ ನನ್ನ ಮುಂದೆ ನಿಂತಿದ್ದ ಅದೇ ಹುಡುಗ. ನಾನು ಕೊನೆಯ ಬೆಂಚಿನಲ್ಲಿದ್ದೆ. ಬಾಗಿಲ ತೀರ್ಥದ ಬಟ್ಟಲಿನ ಹತ್ತಿರ ನಿಂತು ಅವನು ಹೊಸಬರನ್ನು ಕೇಳಿದ, "ಈ ನೀರು ಇಲ್ಲಿ ಯಾಕಿದೆ, ಯಾರಿಗಾದ್ರೂ ಗೊತ್ತಾ?"